60 ವ್ಯಾಟ್ ಬಲ್ಬಿನ ರೋಧ 66 ಓಮೋ, 882 ಓಮೋ?

ಪ್ರಶ್ನೆ

ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ ವಿದ್ಯುತ್ ಪಾಠ ಹೇಳಿಕೊಡುವಾಗ ಎದುರಾದ ತೊಡಕು ಇದು. ಮನೆಯಲ್ಲಿ ಹಳೆಯ ತಂತು ಬಲ್ಬ್ ಒಂದಿತ್ತು. ಅದರ ಗಾಜಿನ ಮೇಲೆ 230 ವೋಲ್ಟ್, 60 ವ್ಯಾಟ್ ಎಂದು ಬರೆದಿದೆ. ಸಾಮರ್ಥ್ಯವನ್ನು ವೋಲ್ಟೇಜಿನಿಂದ ಭಾಗಿಸಿದರೆ ಪ್ರವಾಹ ಸುಮಾರು 0.26 ಆಂಪಿಯರ್, ಅದರಿಂದ ರೋಧ ಸುಮಾರು 882 ಓಮ್ ಎಂದು ಇಬ್ಬರೂ ಸೇರಿ ಲೆಕ್ಕ ಮಾಡಿದೆವು. ಆಮೇಲೆ ಬಲ್ಬನ್ನು ಹೋಲ್ಡರಿನಿಂದ ಕಳಚಿ, ತಣ್ಣಗಾದ ಮೇಲೆ ಮಲ್ಟಿಮೀಟರಿನಿಂದ ಅಳೆದಾಗ ಬರೀ 66 ಓಮ್ ತೋರಿಸಿತು. ಈ ರೋಧವನ್ನೇ ನಂಬಿ 230ರ ವರ್ಗವನ್ನು 66ರಿಂದ ಭಾಗಿಸಿದರೆ 800 ವ್ಯಾಟ್ ಬರುತ್ತದೆ. ಅಷ್ಟು ಸಾಮರ್ಥ್ಯ ಆ ಪುಟ್ಟ ಬಲ್ಬಿಗೆ ಸಾಧ್ಯವೇ ಇಲ್ಲ. ಸೂತ್ರ ತಪ್ಪೋ, ಮಲ್ಟಿಮೀಟರ್ ಕೆಟ್ಟಿದೆಯೋ ತಿಳಿಯುತ್ತಿಲ್ಲ.

ಉತ್ತರ 1 (ಪ್ರೌಢಶಾಲಾ ಶಿಕ್ಷಕಿ)

ಎರಡೂ ಸರಿಯಾಗಿವೆ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಸಿಗುವುದು ಆ ಎರಡನ್ನೂ ಅಳೆದ ಕ್ಷಣದಲ್ಲಿ ತಂತುವಿಗೆ ಇದ್ದ ರೋಧ. ನೀವು ಬಲ್ಬ್ ಉರಿಯುತ್ತಿರುವಾಗಿನ ವೋಲ್ಟೇಜನ್ನು ತಂದು, ತಣ್ಣಗಿರುವಾಗಿನ ರೋಧದೊಡನೆ ಕೂಡಿಸಿದ್ದೀರಿ; 800 ವ್ಯಾಟ್ ಹುಟ್ಟಿದ್ದು ಅಲ್ಲಿಂದ.

ತಂತು ಟಂಗ್‌ಸ್ಟನ್ ಲೋಹದ್ದು. ಲೋಹ ಬಿಸಿಯಾದಂತೆ ಅದರೊಳಗಿನ ಪರಮಾಣುಗಳ ಕಂಪನ ಹೆಚ್ಚುತ್ತದೆ, ಎಲೆಕ್ಟ್ರಾನುಗಳು ಮತ್ತೆ ಮತ್ತೆ ಚದುರುತ್ತವೆ, ರೋಧ ಏರುತ್ತದೆ. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಟಂಗ್‌ಸ್ಟನ್ನಿನ ರೋಧ ಪ್ರತಿ ಡಿಗ್ರಿಗೆ ಶೇ. 0.45ರಷ್ಟು ಹೆಚ್ಚುತ್ತದೆ. ಇದು ಸಣ್ಣದೆನಿಸಬಹುದು, ಆದರೆ ಉರಿಯುವ ತಂತುವಿನ ಉಷ್ಣತೆ ಸುಮಾರು 2,400ರಿಂದ 2,500 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಿಮ್ಮ 882ನ್ನು 66ರಿಂದ ಭಾಗಿಸಿ ನೋಡಿ, 13 ಪಟ್ಟಿಗಿಂತ ತುಸು ಹೆಚ್ಚು ಬರುತ್ತದೆ. ಆ ಉಷ್ಣತೆಯಲ್ಲಿ ಟಂಗ್‌ಸ್ಟನ್ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಮಲ್ಟಿಮೀಟರ್ ಅಳೆಯುವಾಗ ಹರಿಸುವ ಪ್ರವಾಹ ತೀರ ಅಲ್ಪವಾದ್ದರಿಂದ ತಂತು ಬಿಸಿಯಾಗುವುದೇ ಇಲ್ಲ.

ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ ಮಾತ್ರ ನಿಮ್ಮ 66 ಓಮ್ ನಿಜಕ್ಕೂ ಕೆಲಸ ಮಾಡುತ್ತದೆ. ಆಗ ಸುಮಾರು 3.5 ಆಂಪಿಯರ್ ನುಗ್ಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ತಂತು ಕಾದು 0.26ಕ್ಕೆ ಇಳಿಯುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದೊಡನೆಯೇ ‘ಟಪ್’ ಎಂದು ಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಮಗಳಿಗೆ ಇದನ್ನು ತಪ್ಪದೆ ಹೇಳಿ. ಪಠ್ಯದ ಸೂತ್ರ ಮನೆಯ ಅನುಭವಕ್ಕೆ ಹೊಂದುವುದನ್ನು ಕಂಡಾಗ ಮಕ್ಕಳ ಮುಖ ಅರಳುತ್ತದೆ.

ಉತ್ತರ 2 (ಎಲೆಕ್ಟ್ರಿಷಿಯನ್)

ಗೀಸರ್ ಕಾಯಿಲಿನಲ್ಲಿ ಈ ತೊಡಕು ಅಷ್ಟಾಗಿ ಇಲ್ಲ. ಅದು ನೈಕ್ರೋಮ್ ಮಿಶ್ರಲೋಹದ್ದು; ಬಿಸಿಗೂ ತಣ್ಣಗೂ ಅದರ ರೋಧದಲ್ಲಿ ಆಗುವ ವ್ಯತ್ಯಾಸ ತೀರ ಕಡಿಮೆ. 230 ವೋಲ್ಟಿಗೆ 2,000 ವ್ಯಾಟ್ ಎಂದಿರುವ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, ಅದರ ರೋಧ 26.5 ಓಮ್.

ನಮ್ಮ ಊರಿನಲ್ಲಿ ಬೆಳಗಿನ ಹೊತ್ತು ವೋಲ್ಟೇಜ್ ಕುಸಿಯುತ್ತದೆ, ನೀರು ಕಾಯುವುದೇ ಇಲ್ಲ. ಒಮ್ಮೆ ಉಳಿದೆಲ್ಲ ಸ್ವಿಚ್‌ಗಳನ್ನು ಆರಿಸಿ, ಗೀಸರ್ ಒಂದನ್ನೇ ಹಾಕಿ, ವಿದ್ಯುತ್ ಮೀಟರಿನ ಕೆಂಪು ದೀಪ ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿದೆ. 73 ಸಲ ಮಿನುಗಿತು. ನಮ್ಮ ಮೀಟರಿನ ಮೇಲೆ ಒಂದು ಯೂನಿಟಿಗೆ (ಅಂದರೆ 36 ಲಕ್ಷ ಜೂಲಿಗೆ) 3,200 ಮಿನುಗು ಎಂದು ಬರೆದಿರುವುದರಿಂದ ಒಂದು ಮಿನುಗಿಗೆ 1,125 ಜೂಲ್. ಹಾಗಾಗಿ ಸಾಮರ್ಥ್ಯ ಸುಮಾರು 1,370 ವ್ಯಾಟ್. ಇದನ್ನು 26.5 ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ 190 ವೋಲ್ಟ್ ಬರುತ್ತದೆ. ವೋಲ್ಟೇಜ್ ಆರನೆಯ ಒಂದು ಭಾಗದಷ್ಟು ಕಡಿಮೆಯಾದರೆ ಶಾಖ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ.

ಪಂಪಿನ ಮೋಟಾರಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. 230 ವೋಲ್ಟಿನಲ್ಲಿ 7 ಆಂಪಿಯರ್ ಎಳೆದರೂ ಅದು 1,610 ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್, ಅಂದರೆ ವೋಲ್ಟೇಜ್ ಮತ್ತು ಪ್ರವಾಹದ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು, 0.75 ಇದ್ದರೆ ಸುಮಾರು 1,210 ವ್ಯಾಟ್ ಅಷ್ಟೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮನೆಯ ಕರೆಂಟಿನ ಮೇಲೆ ಪ್ರಯೋಗ ಬೇಡವೆಂದು ಬೈಕಿನ ಇಂಡಿಕೇಟರ್ ಬಲ್ಬ್ ತಂದೆವು. ಅದು 12 ವೋಲ್ಟ್, 21 ವ್ಯಾಟಿನದು. ಸ್ನೇಹಿತರಿಂದ ಡಿಸಿ ಸಪ್ಲೈ ಎರವಲು ಪಡೆದು, ವೋಲ್ಟೇಜನ್ನು ಬಲ್ಬಿನ ತುದಿಗಳಲ್ಲೇ ಅಳೆದೆವು. 12 ವೋಲ್ಟಿನಲ್ಲಿ 1.75 ಆಂಪಿಯರ್, 6ರಲ್ಲಿ 1.20, 3ರಲ್ಲಿ 0.82, 1.5ರಲ್ಲಿ 0.56 ಬಂತು. ರೋಧ ಕ್ರಮವಾಗಿ 6.9, 5.0, 3.7, 2.7 ಓಮ್. ವೋಲ್ಟೇಜ್ ಅರ್ಧವಾದರೆ ಸಾಮರ್ಥ್ಯ ಕಾಲು ಭಾಗಕ್ಕೆ ಇಳಿಯಬೇಕೆಂದು ಮಗಳು ಬರೆದಿಟ್ಟಿದ್ದಳು. ಆದರೆ 6 ವೋಲ್ಟಿನಲ್ಲಿ 5.25 ವ್ಯಾಟ್ ಬದಲು 7.2 ವ್ಯಾಟ್ ಬಂದಾಗ, ತಂತು ತಣ್ಣಗಾಗಿ ರೋಧ ಇಳಿದದ್ದೇ ಕಾರಣವೆಂದು ಅವಳೇ ಹೇಳಿದಳು.

ಎರಡು ಸಂದೇಹ ಉಳಿದಿವೆ. ತಣ್ಣಗಿನ ಬಲ್ಬಿಗೆ ಮಲ್ಟಿಮೀಟರ್ 0.8 ಓಮ್ ತೋರಿಸುತ್ತದೆ. ಹಾಗಾದರೆ ಏರಿಕೆ ಒಂಬತ್ತು ಪಟ್ಟು ಕೂಡ ಆಗಲಿಲ್ಲವಲ್ಲ? ಇನ್ನೊಂದು, 1.5 ವೋಲ್ಟಿನಲ್ಲಿ ಬಲ್ಬ್ ಉರಿಯುವುದೇ ಕಾಣುವುದಿಲ್ಲ, ಆದರೂ ರೋಧ 2.7 ಓಮ್ ಏಕೆ?

ಉತ್ತರ 1 (ಪ್ರೌಢಶಾಲಾ ಶಿಕ್ಷಕಿ)

ಮಲ್ಟಿಮೀಟರಿನ ಎರಡು ಕಡ್ಡಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಓದಿಕೊಳ್ಳಿ. 0.3 ಓಮಿನ ಆಸುಪಾಸು ಬಂದರೆ ಅದು ತಂತಿಗಳದ್ದೇ ರೋಧ; ಕಳೆದರೆ ಬಲ್ಬಿಗೆ 0.5 ಓಮ್ ಉಳಿಯುತ್ತದೆ, ಮತ್ತೆ ಅದೇ 13–14 ಪಟ್ಟು ಬರುತ್ತದೆ. ನೂರಾರು ಓಮ್ ಅಳೆಯುವಾಗ ಲೆಕ್ಕಕ್ಕೆ ಬಾರದ ಈ ದೋಷ ಒಂದು ಓಮಿಗಿಂತ ಕೆಳಗೆ ಎಲ್ಲವನ್ನೂ ಕೆಡಿಸುತ್ತದೆ.

1.5 ವೋಲ್ಟಿನಲ್ಲೂ ಆ ಸಣ್ಣ ತಂತು 0.84 ವ್ಯಾಟ್ ಹೀರುತ್ತಿದೆ. ರೋಧ ಐದು ಪಟ್ಟಿಗೂ ಮೇಲೆ ಏರಿರುವುದರಿಂದ ಉಷ್ಣತೆ ಸುಮಾರು 900 ಡಿಗ್ರಿ ಇರಬೇಕು. ರಾತ್ರಿ ಕೋಣೆಯ ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮಗಳಿಗೆ ತೋರಿಸಿ. ಗಾಜಿನೊಳಗೆ ಕೆಂಡದ ಬಣ್ಣದ ಗೆರೆಯೊಂದು ಕಾಣುತ್ತದೆ.