2 ವರ್ಷಕ್ಕೆ ಸ್ಕೀ, 21ಕ್ಕೆ ಚಿನ್ನ: ನಮ್ಮ ಮನೆ ಗುಂಪಿನ ವಾದ

ಶಂಕರ ಮಾವ: (ಫಾರ್ವರ್ಡ್) 2 ವರ್ಷಕ್ಕೆ ಕಾಲಿಗೆ ಸ್ಕೀ (ಹಿಮದ ಮೇಲೆ ಜಾರುವ ಹಲಗೆ). 21 ವರ್ಷಕ್ಕೆ ಒಲಿಂಪಿಕ್ಸ್‌ನಲ್ಲಿ 3 ಚಿನ್ನ. ಕೋಚ್ ಯಾರು ಗೊತ್ತಾ? ಸ್ವಂತ ತಾತ! ನಾರ್ವೆಯ ಕ್ರಾಸ್‌ಕಂಟ್ರಿ ಸ್ಕೀಯಿಂಗ್ (ಹಿಮದ ಮೇಲೆ ಏರಿಳಿತದ ದಾರಿಯ ಓಟ) ಆಟಗಾರ ಯೊಹಾನೆಸ್ ಕ್ಲೇಬೋ ಬೆಳೆದ ಕಥೆ ಓದಿ. ನಿಮ್ಮ ಮಗು ಈಗ ಏನು ಮಾಡುತ್ತಿದೆ?

ಶಂಕರ ಮಾವ: ಸುಮಾ, ಪೂರ್ತಿ ಓದು. ಆದಿಗೆ ಈಗಾಗಲೇ 8 ಆಯಿತು.

ಸುಮಾ: ಓದಿದೆ ಅಪ್ಪ. ನಮ್ಮ ಮಗು ಈಗ ಮಲಗಿದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಈಜಲು ಕರೆದುಕೊಂಡು ಹೋದವರು ನೀವೇ ಅಲ್ವಾ?

ವಿನಯ್: 😂😂

ಶಂಕರ ಮಾವ: ನಗುವ ವಿಷಯ ಅಲ್ಲ ವಿನಯ. ಆ ತಾತನ ಹೆಸರು ಕೋರೆ ಹೋಸ್‌ಫ್ಲೋಟ್. 70 ದಾಟಿದ ಮೇಲೂ ಮೊಮ್ಮಗನಿಗೆ ಕೋಚ್. ಅಪ್ಪ ಮ್ಯಾನೇಜರ್. ಇಡೀ ಮನೆ ಹುಡುಗನ ಬೆನ್ನಿಗೆ ನಿಂತಿತು. ನಮ್ಮಲ್ಲಿ ತಾತ ಒಂದು ಸ್ಟಾಪ್‌ವಾಚ್ ಹಿಡಿದರೆ ಮಹಾಪರಾಧ.

ಅನು (ನಾರ್ವೆ): ಮಾವ, ಅವನು ನಾನಿರುವ ಊರಿನ ಹುಡುಗ. 1996ರಲ್ಲಿ ಹುಟ್ಟಿದ್ದು ಓಸ್ಲೋದಲ್ಲಿ, ಬೆಳೆದದ್ದು ಇಲ್ಲಿ ಟ್ರಾಂಡ್‌ಹೈಮ್‌ನಲ್ಲಿ. ತಾತ 2 ವರ್ಷಕ್ಕೇ ಸ್ಕೀ ಕೊಟ್ಟದ್ದು ನಿಜ. ಆದರೆ ಈ ಊರಲ್ಲಿ ಅದು ಮಗುವಿಗೆ ಮೂರು ಚಕ್ರದ ಸೈಕಲ್ ಕೊಡಿಸಿದ ಹಾಗೆ. ಪಕ್ಕದ ಮನೆ ಮಗುವಿಗೂ ಇದೆ. ಅದು ಒಲಿಂಪಿಕ್ಸ್‌ಗೆ ಹೋಗುವ ಲಕ್ಷಣ ನನಗಂತೂ ಕಾಣುತ್ತಿಲ್ಲ.

ಅನು: ನಿಮ್ಮ ಫಾರ್ವರ್ಡ್ 2ರಿಂದ ನೇರ 21ಕ್ಕೆ ಹಾರಿದೆ. ನಡುವಿನ 19 ವರ್ಷ ಎಲ್ಲಿ?

ಶಂಕರ ಮಾವ: ನಡುವೆ ಇನ್ನೇನು? ಅಭ್ಯಾಸ.

ಅನು: ಸೋಲು ಕೂಡ. ಹದಿಹರೆಯದಲ್ಲಿ ಅವನು ಓರಗೆಯವರಿಗಿಂತ ಕುಳ್ಳ. ಮೈ ಬೆಳೆದದ್ದೂ ತಡವಾಗಿ. ಬಲವಾಗಿದ್ದ ಹುಡುಗರು ಸುಲಭವಾಗಿ ಮುಂದೆ ಹೋಗುತ್ತಿದ್ದರು. ಫುಟ್‌ಬಾಲ್ ಕೂಡ ಆಡುತ್ತಿದ್ದ, ಯಾರೂ ಬಿಡಿಸಲಿಲ್ಲ. ಶಕ್ತಿಯಲ್ಲಿ ಗೆಲ್ಲಲು ಆಗದಿದ್ದಾಗ ಕಾಲು ಹೇಗೆ ಇಡಬೇಕು, ಕೋಲು ಹೇಗೆ ಊರಬೇಕು ಅನ್ನುವುದನ್ನು ತಿದ್ದಿಕೊಂಡ. ಆಮೇಲೆ ಮೈಯೂ ಬೆಳೆಯಿತು, ತಂತ್ರ ಆಗಲೇ ಕೈಯಲ್ಲಿತ್ತು.

ವಿನಯ್: ಅಂದರೆ 12 ವರ್ಷಕ್ಕೆ ಆಯ್ಕೆ ನಡೆದಿದ್ದರೆ ಇವನನ್ನೇ ಮನೆಗೆ ಕಳಿಸುತ್ತಿದ್ದರು.

ಶಂಕರ ಮಾವ: ಆದರೆ ತಾತ ಕೈಬಿಡಲಿಲ್ಲ ಅಲ್ವಾ? ನಾನೂ ಅದನ್ನೇ ಹೇಳುತ್ತಿರುವುದು!

ಸುಮಾ: ಕೈಬಿಡದೇ ಇರುವುದು ಬೇರೆ, ಟೈಮ್ ಕೂಗಿ ಹೇಳುವುದು ಬೇರೆ. ಹೋದ ವಾರ ಅಷ್ಟು ಮಕ್ಕಳ ಮುಂದೆ "ನಾಲ್ಕು ಸೆಕೆಂಡ್ ಜಾಸ್ತಿ ಆಯಿತು" ಅಂದಿರಿ. ಮನೆಗೆ ಬಂದವನು ಊಟ ಬೇಡ ಅಂದ. ನಿಮಗೆ ಗೊತ್ತೇ ಇಲ್ಲ.

ಶಂಕರ ಮಾವ: ನಾಲ್ಕು ಸೆಕೆಂಡ್ ಜಾಸ್ತಿ ಆಗಿದ್ದು ನಿಜ ತಾನೇ?

ಸುಮಾ: ಅಪ್ಪ!!

ಅನು: ಇಲ್ಲಿ ಹಾಗೆ ಮಾಡಲು ಬಿಡುವುದೇ ಇಲ್ಲ ಮಾವ. ಮಕ್ಕಳ ಆಟಕ್ಕೆ 1987ರಿಂದ ದೇಶಕ್ಕೆಲ್ಲ ನಿಯಮ ಇದೆ. ಮಗುವಿಗೆ 11 ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿ, ರ‍್ಯಾಂಕ್ ಯಾವುದೂ ಇಲ್ಲ. 13ರವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಬಹುಮಾನ ಕೊಟ್ಟರೆ ಎಲ್ಲರಿಗೂ ಕೊಡಬೇಕು. ನನ್ನ ಮಗಳ ರೇಸ್‌ನಲ್ಲಿ ಕೊನೆಗೆ ಬಂದ ಮಗುವಿಗೂ ಅದೇ ಪದಕ.

ಶಂಕರ ಮಾವ: ಎಲ್ಲರಿಗೂ ಪದಕ ಕೊಟ್ಟರೆ ಯಾರು ಮುಂದೆ ಅಂತ ಮಕ್ಕಳಿಗೆ ತಿಳಿಯಬೇಡವಾ? ಸುಮ್ನೆ ಮುದ್ದು ಮಾಡಿ ಕೆಡಿಸುವುದು.

ಅನು: ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ದೊಡ್ಡವರು ಬರೆದು ಗೋಡೆಗೆ ಅಂಟಿಸುವುದಿಲ್ಲ, ಅಷ್ಟೇ. ಹಾಗೆ ಕೆಟ್ಟುಹೋದವರು ಯಾರು? 2018ರ ಪ್ಯೋಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾರ್ವೆಗೆ 39 ಪದಕ. ಜನಸಂಖ್ಯೆ ಐವತ್ತು ಲಕ್ಷ ಚಿಲ್ಲರೆ.

ವಿನಯ್: ಅನು, ಇದನ್ನು ಒಪ್ಪುವುದಿಲ್ಲ. ನಿಯಮದಿಂದ 39 ಪದಕ ಬಂದವು ಅನ್ನಬೇಡ. ಮನೆ ಬಾಗಿಲಿಗೆ ಹಿಮ, ರಾತ್ರಿಯೂ ದೀಪ ಹಾಕಿದ ಟ್ರ್ಯಾಕ್, ಬೀದಿಗೊಂದು ಕ್ಲಬ್, ಕೈಯಲ್ಲಿ ದುಡ್ಡು. ಇವೆಲ್ಲ ಇಲ್ಲದೆ ಬರೀ ನಿಯಮ ತಂದು ಇಲ್ಲಿ ಏನು ಮಾಡುವುದು?

ಅನು: ಅದು ಸರಿ.

ವಿನಯ್: ಮಾವನಿಗೂ ಒಂದು ಮಾತು. ನಮ್ಮ ಕೊಡಗಿನ ಭವಾನಿ ಇದೇ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರ ಸ್ಪರ್ಧಿಸುತ್ತಾರೆ. ಕೊಡಗಿನಲ್ಲಿ ಎಲ್ಲಿ ಸ್ವಾಮಿ ಹಿಮ? 2 ವರ್ಷಕ್ಕೇ ಶುರು ಮಾಡದಿದ್ದರೆ ಎಲ್ಲ ಮುಗಿಯಿತು ಅನ್ನುವುದು ಸುಳ್ಳು.

ಶಂಕರ ಮಾವ: ಹುಡುಗಿ ಗಟ್ಟಿ. ಆದರೆ ಕ್ಲೇಬೋ ಲೆಕ್ಕ ಬೇರೆ. ಎಷ್ಟು ಬೇಗ ಮೇಲೆ ಬಂದ ನೋಡಿ.

ಅನು: ಬೇಗ ಬಂದದ್ದು 19 ದಾಟಿದ ಮೇಲೆ. 2016ರಲ್ಲಿ ರೊಮೇನಿಯಾದಲ್ಲಿ ಜೂನಿಯರ್ ವಿಶ್ವ ಚಾಂಪಿಯನ್. 2017ರ ಫೆಬ್ರವರಿಯಲ್ಲಿ ಎಸ್ಟೋನಿಯಾದ ಓಟೆಪ್ಯಾದಲ್ಲಿ ಮೊದಲ ವಿಶ್ವಕಪ್ ರೇಸ್ ಗೆಲುವು. ಅದೇ ಋತುವಿನಲ್ಲಿ ಲಾಹ್ಟಿ ವಿಶ್ವ ಚಾಂಪಿಯನ್‌ಶಿಪ್‌ನ ಸ್ಪ್ರಿಂಟ್‌ನಲ್ಲಿ (ಚಿಕ್ಕ ದೂರದ ರೇಸ್) ಕಂಚು. ಮರುವರ್ಷ ಪ್ಯೋಂಗ್‌ಚಾಂಗ್‌ನಲ್ಲಿ ಸ್ಪ್ರಿಂಟ್, ಟೀಮ್ ಸ್ಪ್ರಿಂಟ್, ರಿಲೇ, ಮೂರೂ ಚಿನ್ನ. ಆ ಋತುವಿನ ಒಟ್ಟಾರೆ ವಿಶ್ವಕಪ್ (ಋತುವಿನ ರೇಸ್‌ಗಳ ಅಂಕ ಕೂಡಿಸಿ ಕೊಡುವುದು) ಕೂಡ ಅವನದೇ. ಎರಡೇ ವರ್ಷದಲ್ಲಿ ಇಷ್ಟೆಲ್ಲ. ಅದಕ್ಕೂ ಹಿಂದಿನದು ಬರೀ ಕಾಯುವ ಕೆಲಸ.

ಅನು: ಇದನ್ನು ನೋಡಿ, ಪ್ಯೋಂಗ್‌ಚಾಂಗ್ ಸ್ಪ್ರಿಂಟ್ ಫೈನಲ್. (ವಿಡಿಯೊ)

ಲಲಿತತ್ತೆ: ಇವರು ಮೂರು ಸಲ ಹಾಕಿ ನೋಡಿದರು. ಹಾಲು ಉಕ್ಕಿದರೂ ಏಳಲಿಲ್ಲ.

ಶಂಕರ ಮಾವ: ಅಬ್ಬಾ! ಏರಿನಲ್ಲಿ ಓಡುತ್ತಾನಲ್ಲ ಇವನು! ಸ್ಕೀ ಕಟ್ಟಿಕೊಂಡು ಮೆಟ್ಟಿಲು ಹತ್ತಿದ ಹಾಗೆ ಪಟಪಟ ಹೆಜ್ಜೆ. ಮಿಕ್ಕವರು ಎಲ್ಲೋ ಉಳಿದರು. ಇದನ್ನು ತಾತ ಕಲಿಸಿದ್ದೇ?

ಅನು: ಯಾರು ಕಲಿಸಿದರೋ, ಈಗ ಆ ಹೆಜ್ಜೆಗೆ ಅವನ ಹೆಸರೇ ಇದೆ. ಇಲ್ಲಿನ ಮಕ್ಕಳು ಗುಡ್ಡ ಕಂಡರೆ ಹಾಗೇ ಓಡುತ್ತವೆ. ಅರ್ಧಕ್ಕೇ ಬೀಳುತ್ತವೆ.

ಶಂಕರ ಮಾವ: ಈಜುವಾಗ ಆದಿಯ ಕಾಲು ಬಡಿತ ಸರಿ ಇಲ್ಲ. ನಾನು ಬರೀ ಟೈಮ್ ನೋಡುತ್ತಿದ್ದೆ. ಮೊದಲು ಅದನ್ನು ತಿದ್ದಬೇಕು.

ಸುಮಾ: ಅದನ್ನು ಅಲ್ಲಿನ ಕೋಚ್ ತಿದ್ದಲಿ. ನೀವು ಜೊತೆಗೆ ಹೋಗಿ, ನೋಡಿ, ಇಡ್ಲಿ ತಿನ್ನಿಸಿ ಕರೆದುಕೊಂಡು ಬನ್ನಿ. ಐದು ಗಂಟೆ ಆಗಲ್ಲ.

ಶಂಕರ ಮಾವ: ಐದೂವರೆ.

ಸುಮಾ: ಆರೂವರೆ. ವಾರಕ್ಕೆ ಮೂರೇ ದಿನ. ಉಳಿದ ಸಂಜೆ ಬೀದಿಯಲ್ಲಿ ಕ್ರಿಕೆಟ್ ಆಡಲಿ.

ಶಂಕರ ಮಾವ: ಆಯಿತು. ಆದರೆ ವಾಚ್ ತರುತ್ತೇನೆ. ಕೂಗಿ ಹೇಳುವುದಿಲ್ಲ, ನನ್ನ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ.

ವಿನಯ್: ಡೈರಿ ಗೋಡೆಗೆ ಅಂಟಿಸದಿದ್ದರೆ ಸರಿ ಮಾವ.

ಲಲಿತತ್ತೆ: ವಾಚ್ ನಾನು ಎತ್ತಿಟ್ಟಿದ್ದೇನೆ. ಸುಮ್ನೆ ಬೀರು ಎಲ್ಲ ಕೆದಕಬೇಡಿ.