ಫಲಕದ ಮೇಲೆ ಅವಳ ಹೆಸರು, ಹಣ ಯಾರ ಖಾತೆಗೆ?

(ಮಹಿಳಾ ಉದ್ಯಮದ ಬಗ್ಗೆ ನಾಲ್ವರ ಮಾತುಕತೆ; ಹೆಸರುಗಳೆಲ್ಲ ಅಡ್ಡಹೆಸರುಗಳು.)

ಗುಮ್ಮಟದೂರು: ಮಹಿಳಾ ಉದ್ಯಮಿಗಳು ಹೆಚ್ಚುತ್ತಿದ್ದಾರೆ ಎಂದು ಎಲ್ಲ ಕಡೆ ಚಪ್ಪಾಳೆ. ನಮ್ಮ ಓಣಿಯ ಸಿಮೆಂಟ್ ಅಂಗಡಿಯ ಫಲಕದಲ್ಲೂ ಮಾಲಕಿಯ ಹೆಸರಿದೆ; ಆಕೆ ಆ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ. ಸಹಾಯಧನಕ್ಕೆ ಹೆಂಡತಿ, ಗಲ್ಲಾಪೆಟ್ಟಿಗೆಗೆ ಗಂಡ. ಇದನ್ನೂ ಏರಿಕೆಯ ಲೆಕ್ಕಕ್ಕೆ ಸೇರಿಸೋಣವೇ?

ರೊಟ್ಟಿಯವಳು: ಒಂದು ಸಿಮೆಂಟ್ ಅಂಗಡಿ ನೋಡಿ ತೀರ್ಪು ಕೊಡಬೇಡಿ, ಅಣ್ಣ. ನಾವು ನಾಲ್ವರು ನಸುಕಿನಲ್ಲೇ ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿ ಬಡಿಯಲು ಕೂರುತ್ತೇವೆ. ಕಟಕ ರೊಟ್ಟಿಯಲ್ಲಿ ಚೂರು ಹಸಿ ಉಳಿದರೂ ಬೆಂಗಳೂರು ಮುಟ್ಟಿದ ಮೇಲೆ ಬೂಷ್ಟು ಹಿಡಿಯುತ್ತದೆ. ತೀರಾ ತೆಳುವಾದರೆ ಬಸ್ಸಿನಲ್ಲೇ ಪುಡಿ. ಆ ಹದ ಯಾವ ಗಂಡನ ಸಹಿಯಿಂದಲೂ ಬರುವುದಿಲ್ಲ. ಆದರೂ ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ, "ಯಜಮಾನರನ್ನು ಕರೆದುಕೊಂಡು ಬಾರಮ್ಮ, ಮನೆ ಪತ್ರ ತಾ" ಎಂದರು.

ಲೆಕ್ಕಿಗ: ಅಕ್ಕ, ಕಿರು ಉದ್ಯಮಕ್ಕೆ 20 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮನೆ ಪತ್ರ ಮನೆಯಲ್ಲೇ ಇರಲಿ.

ಗುಮ್ಮಟದೂರು: ನಿಯಮ ಗೋಡೆಗೆ ಅಂಟಿಸಲು ಚೆಂದ. ಬೆಳೆದವರು ಯಾರು, ಹೇಳಿ. 1978ರಲ್ಲಿ ಗ್ಯಾರೇಜಿನಲ್ಲಿ ಬಯೋಕಾನ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಆರಂಭಿಸಿದ ಕಿರಣ್ ಮಜುಂದಾರ್ ಶಾ ಅವರ ಹೆಸರನ್ನೇ ಇನ್ನೆಷ್ಟು ವರ್ಷ ಜಪಿಸುವುದು?

ಧಾರವಾಡದ ಸೊಸೆ: ಒಬ್ಬಳೇ ಶಿಖರ ಏರಿದರೆ ಮಾತ್ರ ಬೆಳವಣಿಗೆಯೇ? 1959ರಲ್ಲಿ ಮುಂಬೈಯ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಅದೇ ಇಂದಿನ ಲಿಜ್ಜತ್. ಲಟ್ಟಿಸುವವರೇ ಅಲ್ಲಿ ಒಡತಿಯರು. ಇನ್ನು ನಿಮ್ಮ ಸಿಮೆಂಟ್ ಅಂಗಡಿಯ ಅನುಮಾನ ನ್ಯಾಯವಾದದ್ದೇ. ಫಲಕ ಬಿಡಿ, ಕ್ಯೂಆರ್ ಕೋಡ್ ನೋಡಿ: ಹಣ ಯಾರ ಖಾತೆಗೆ ಬೀಳುತ್ತದೆ?

ರೊಟ್ಟಿಯವಳು: ನನ್ನ ಖಾತೆಗೇ, ಮೇಡಂ. ಅದಕ್ಕೆ ಮನೆಯವರು ಕೆಲವು ದಿನ ಮುಖ ಊದಿಸಿಕೊಂಡಿದ್ದರು, ಈಗ ಅವರೇ ಪೆಟ್ಟಿಗೆ ಹೊತ್ತು ಬಸ್ಸಿಗೆ ಹಾಕಿ ಬರುತ್ತಾರೆ. ನನ್ನ ಸಂಕಟ ಬೇರೆ. ಬೆಂಗಳೂರಿನ ಅಂಗಡಿಯವನು ಸಂಕ್ರಾಂತಿಯ ಮಾಲಿನ ಬಾಕಿಯನ್ನು ಯುಗಾದಿ ಕಳೆದರೂ ಕೊಟ್ಟಿಲ್ಲ. ಜೋಳದ ವ್ಯಾಪಾರಿ ಮಾತ್ರ ನಗದು ಕೇಳುತ್ತಾನೆ.

ಲೆಕ್ಕಿಗ: ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಿದ್ದೀರಾ? ಅದಕ್ಕೆ ಶುಲ್ಕವಿಲ್ಲ. ನೋಂದಣಿಯ ಬಳಿಕ ಕಳಿಸಿದ ಮಾಲಿಗೆ, ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯಂತೆ, ಒಪ್ಪಂದ ಏನೇ ಇರಲಿ 45 ದಿನದೊಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ.

ರೊಟ್ಟಿಯವಳು: ನೋಂದಣಿ ಇದೆ. ದೂರು ಕೊಟ್ಟರೆ ಮರುದಿನವೇ ಆತ ಬೇರೆಯವರ ರೊಟ್ಟಿ ತರಿಸುತ್ತಾನೆ, ಆಮೇಲೆ ಬಡ್ಡಿ ಕಟ್ಟಿಕೊಂಡು ಏನು ಮಾಡಲಿ?

ಗುಮ್ಮಟದೂರು: ಇದು ಖರೆ ಮಾತು. ಸಾಲ ಮೇಳದ ಭಾಷಣದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಧಾರವಾಡದ ಸೊಸೆ: ಸುತ್ತಲಿನ ರೊಟ್ಟಿ ಮಾಡುವ ಮಹಿಳಾ ಸಂಘಗಳೆಲ್ಲ ಒಂದೇ ದರ, ಒಂದೇ ಗಡುವು ಹೇಳಿದರೆ ಆತ ಯಾರಲ್ಲಿಗೆ ಹೋಗುತ್ತಾನೆ?

ರೊಟ್ಟಿಯವಳು: ಹಿಂದಿನ ಓಣಿಯ ಸಂಘದವರು ರೊಟ್ಟಿಗೆ ಒಂದು ರೂಪಾಯಿ ಕಡಿಮೆ ಹಿಡಿದಿದ್ದಾರೆ, ಮೇಡಂ. ಮೊದಲು ಅವರ ಅಧ್ಯಕ್ಷೆಯ ಜೊತೆ ಜಗಳ ಮುಗಿಸಬೇಕು.