ಆಗುಂಬೆ ಘಟ್ಟದ ಕಾಂಟೂರ್ ನಕ್ಷೆ: ಒಂದು ಮೂಲೆಯಲ್ಲಿ ಕಪ್ಪು ಗಂಟು, ಉಳಿದೆಡೆ ಗೆರೆಯೇ ಇಲ್ಲ

ಮಂಡಗದ್ದೆ ಕಡೆಯವರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆಯ ಹೂಳು ತೆಗೆಸುವ ಮಾತು ನಡೆದಿದೆ. ಅದಕ್ಕೂ ಮೊದಲು, ಕೆರೆಗೆ ಯಾವ್ಯಾವ ಗುಡ್ಡದ ನೀರು ಬರುತ್ತದೆ ಅಂತ ಊರಿನವರಿಗೆ ತೋರಿಸುವ ಒಂದು ನಕ್ಷೆ ಬೇಕು. ಆಗುಂಬೆಯಿಂದ ತೀರ್ಥಹಳ್ಳಿ, ಮಂಡಗದ್ದೆ ದಾಟಿ ಶಿವಮೊಗ್ಗದವರೆಗೆ ಗೋಡೆಗೆ ಹಾಕುವಂಥದ್ದು ಒಂದು, ಕೆರೆಯ ಸುತ್ತಮುತ್ತ ಮಾತ್ರ ದೊಡ್ಡದು ಮಾಡಿ ಇನ್ನೊಂದು.

ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ (ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು) ಬಳಸುತ್ತಿದ್ದೇನೆ. 13 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದ, ಎತ್ತರದ ಅಂಕಿಗಳನ್ನು ಸಾಲಾಗಿ ಇಟ್ಟ ಎಚ್‌ಜಿಟಿ ಫೈಲು. ಪರಿಚಯದವರ ಹತ್ತಿರ ಇದ್ದ ಹಳೆಯ ಪ್ರತಿ, 28,84,802 ಬೈಟ್ ಇದೆ. ಪೈಥಾನಿನಲ್ಲಿ ಓದಿ, ಚಿತ್ರ ಎಳೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಎಳೆಯುವ) ಫಂಕ್ಷನ್ನಿಗೆ ಕೊಟ್ಟರೆ ಹಾಳೆಯೆಲ್ಲ ಖಾಲಿ. ಮೇಲಿನ ಎಡಮೂಲೆಯಲ್ಲಿ ಮಾತ್ರ ಒತ್ತೊತ್ತಾಗಿ ಕಪ್ಪು ಗಂಟುಗಳು. ಘಟ್ಟ ಬರಬೇಕಾದ್ದು ಕೆಳಗಿನ ಎಡಮೂಲೆಗೆ ಅಲ್ಲವೇ? ಗೆರೆಗಳು ಎಷ್ಟು ಅಂತ ಹೇಳುವ ಲೆವೆಲ್ಸ್ ಜಾಗದಲ್ಲಿ 10 ಕೊಟ್ಟರೂ ಹೀಗೇ. 50 ಕೊಟ್ಟಾಗ ಕೆಲವು ಗುಡ್ಡಗಳ ಸುತ್ತ ಒಂದೊಂದು ಉಂಗುರ ಕಾಣಿಸಿತು, ಗಂಟು ಇನ್ನಷ್ಟು ದಪ್ಪವಾಯಿತು. ಎಲ್ಲಿ ಏನು ಬದಲಿಸಬೇಕು?

ತುಂಗಾತೀರ ಉತ್ತರಿಸಿದ್ದು:

ಅರೇಯ (ಫೈಲಿನಿಂದ ಓದಿದ ಎತ್ತರಗಳ ಕೋಷ್ಟಕದ) ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಪ್ರಿಂಟ್ ಮಾಡಿ ನೋಡಿ. ಕನಿಷ್ಠ ಮೈನಸ್ 32768 ಅಂತ ಬರಬೇಕು. ಅದು ಎತ್ತರವಲ್ಲ, "ಇಲ್ಲಿ ಅಳತೆ ಸಿಕ್ಕಿಲ್ಲ" ಎಂಬುದಕ್ಕೆ ಇಟ್ಟ ಗುರುತು. ರೇಡಾರ್ ಓರೆಯಾಗಿ ನೋಡುವುದರಿಂದ ಘಟ್ಟದ ಕಡಿದಾದ ಮುಖಗಳಲ್ಲಿ ಕೆಲವು ಜಾಗ ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ಗಂಟುಗಳೆಲ್ಲ ಘಟ್ಟದ ಮೂಲೆಯಲ್ಲೇ ಇರುವುದು ಅದಕ್ಕೇ.

ಲೆವೆಲ್ಸ್‌ಗೆ ಒಂದೇ ಸಂಖ್ಯೆ ಕೊಟ್ಟರೆ "ಇಷ್ಟರೊಳಗೆ ನೀನೇ ಹಂಚಿಕೋ" ಅಂದ ಹಾಗೆ. ಮ್ಯಾಟ್‌ಪ್ಲಾಟ್‌ಲಿಬ್ ಕನಿಷ್ಠದಿಂದ ಗರಿಷ್ಠದವರೆಗಿನ ಹರವು ನೋಡಿ ಗುಂಡಾದ ಅಂಕಿಗಳನ್ನು ಆರಿಸುತ್ತದೆ. ಈಗ ಆ ಹರವು ಮೂವತ್ತು ಸಾವಿರ ಮೀಟರಿಗೂ ಹೆಚ್ಚು. 10 ಅಂದರೆ ಸಾವಿರಾರು ಮೀಟರಿಗೊಂದು ಗೆರೆ. ಇಡೀ ಮಲೆನಾಡು ಎರಡು ಗೆರೆಗಳ ನಡುವೆ ಸಿಕ್ಕಿಬೀಳುತ್ತದೆ, ಮಿಕ್ಕ ಗೆರೆಗಳೆಲ್ಲ ಆ ತೂತುಗಳ ಅಂಚಿನಲ್ಲಿ ಸುತ್ತಿಕೊಳ್ಳುತ್ತವೆ. ಅರೇಯನ್ನು ದಶಾಂಶ ಸಂಖ್ಯೆಯ ಫ್ಲೋಟ್‌ಗೆ ಬದಲಿಸಿ, ಮೈನಸ್ 32768 ಇರುವಲ್ಲೆಲ್ಲ ನಂಪೈ ಲೈಬ್ರರಿಯ ನ್ಯಾನ್ (ಇಲ್ಲಿ ಸಂಖ್ಯೆಯೇ ಇಲ್ಲ ಎಂಬ ಗುರುತು) ತುಂಬಿ. ಕಾಂಟೂರ್ ಫಂಕ್ಷನ್ ನ್ಯಾನ್ ಇರುವ ಜಾಗವನ್ನು ಬಿಟ್ಟು ಎಳೆಯುತ್ತದೆ.

ಇನ್ನು ತಲೆಕೆಳಗಾದ ವಿಷಯ. ಎಚ್‌ಜಿಟಿಯ ಮೊದಲ ಸಾಲು ಉತ್ತರದ ಅಂಚು. ಕಾಂಟೂರ್ ಮೊದಲ ಸಾಲನ್ನು ಕೆಳಗಿಟ್ಟು ಶುರುಮಾಡುತ್ತದೆ. ಅಕ್ಷಾಂಶದ ಪಟ್ಟಿಯನ್ನು 14ರಿಂದ 13ಕ್ಕೆ ಇಳಿಯುವಂತೆ ಮಾಡಿ, ರೇಖಾಂಶದ ಪಟ್ಟಿಯನ್ನು 75ರಿಂದ 76ಕ್ಕೆ ಏರುವಂತೆ ಮಾಡಿ, ಎತ್ತರದ ಜೊತೆ ಎರಡನ್ನೂ ಕೊಡಿ. ನಕ್ಷೆ ನೇರವಾಗುತ್ತದೆ, ಅಂಚಿನಲ್ಲಿ ಡಿಗ್ರಿಗಳೂ ಸರಿಯಾಗಿ ಬರುತ್ತವೆ.

ಆದರೆ ಆ ಫೈಲನ್ನೇ ಬದಲಿಸಿ ಅನ್ನುವುದು ನನ್ನ ಸಲಹೆ. 28,84,802 ಬೈಟ್ ಅಂದರೆ 1201 ಸಾಲು, 1201 ಕಂಬ, ಒಂದೊಂದಕ್ಕೆ 2 ಬೈಟ್. ಸುಮಾರು 90 ಮೀಟರಿನ ಚೌಕಗಳು. 2014ರ ಸೆಪ್ಟೆಂಬರಿನ ಘೋಷಣೆಗೆ ಮೊದಲು ಅಮೆರಿಕದ ಹೊರಗಿನ ನೆಲಕ್ಕೆ ಸಾರ್ವಜನಿಕವಾಗಿ ಸಿಗುತ್ತಿದ್ದುದು ಅದೇ. ಈಗ 30 ಮೀಟರಿನದು, ತೂತು ತುಂಬಿದ ಮೂರನೇ ಆವೃತ್ತಿ, ನಾಸಾದ ತಾಣದಲ್ಲಿ ಖಾತೆ ತೆರೆದರೆ ಉಚಿತ. ಅದರ ಫೈಲು 2,59,34,402 ಬೈಟ್ ಇರುತ್ತದೆ.

ಮಂಡಗದ್ದೆ ಕಡೆಯವರು:

ತುಂಬ ಉಪಕಾರವಾಯಿತು. 30 ಮೀಟರಿನ ಫೈಲು ಇಳಿಸಿಕೊಂಡೆ. ಗಂಟು ಹೋಯಿತು, ಘಟ್ಟ ಅದರ ಜಾಗಕ್ಕೆ ಬಂತು. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಇರುವಂತೆ 20 ಮೀಟರಿಗೊಂದು ಗೆರೆ ಕೊಟ್ಟಿದ್ದೇನೆ. ಈಗ ಆಗುಂಬೆಯ ಪಶ್ಚಿಮಕ್ಕೆ ಕಪ್ಪು ಪಟ್ಟಿ, ಮಸಿ ಚೆಲ್ಲಿದ ಹಾಗೆ. 100 ಮೀಟರಿಗೊಂದು ಮಾಡಿದರೆ ಘಟ್ಟ ಚೆನ್ನಾಗಿ ಕಾಣುತ್ತದೆ, ಆದರೆ ನಮ್ಮ ಕಡೆ ಹೊಳೆಯ ಬಯಲಲ್ಲಿ ಏನೂ ಇಲ್ಲ. ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಗೆರೆಗಳು ಗರಗಸದ ಹಲ್ಲಿನಂತೆ ಮುರುಕು ಮುರುಕು. ಕೆರೆಯ ನಕ್ಷೆಗೆ 5 ಮೀಟರಿಗೊಂದು ಗೆರೆ ಬೇಕಿತ್ತು. ಎಳೆದು ನೋಡಿದರೆ ಎಲ್ಲೆಲ್ಲೂ ಸಣ್ಣ ಸಣ್ಣ ಉಂಗುರ. ಅದನ್ನು ನಯ ಮಾಡುವುದು ಹೇಗೆ?

ತುಂಗಾತೀರ:

ಮೊದಲು ಗೋಡೆಯ ನಕ್ಷೆ. ನಿಮ್ಮ ಹರವು ಸುಮಾರು 65 ಕಿಲೋಮೀಟರ್. ಒಂದು ಅಡಿಗಿಂತ ತುಸು ಹೆಚ್ಚಿನ ಅಗಲಕ್ಕೆ ಅಚ್ಚು ಹಾಕಿಸಿದರೆ ಅದು 1:2,00,000ದ ಹತ್ತಿರ. ಅಳತೆಪಟ್ಟಿ ಹಿಡಿದು ಲೆಕ್ಕ ಹಾಕಿ. 30 ಡಿಗ್ರಿ ಇಳಿಜಾರಿನಲ್ಲಿ 20 ಮೀಟರ್ ಇಳಿಯಲು ಅಡ್ಡಕ್ಕೆ 35 ಮೀಟರ್ ಸಾಕು. ಕಾಗದದ ಮೇಲೆ ಅದು 0.17 ಮಿಲಿಮೀಟರ್. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಎಳೆಯುವ ಗೆರೆಯ ದಪ್ಪ 1.5 ಪಾಯಿಂಟ್, ಅಂದರೆ 0.53 ಮಿಲಿಮೀಟರ್. ಗೆರೆಗಳ ನಡುವಿನ ಜಾಗಕ್ಕಿಂತ ಗೆರೆಯೇ ಮೂರು ಪಟ್ಟು ದಪ್ಪ. ಕಪ್ಪಾಗದೆ ಇನ್ನೇನಾಗುತ್ತದೆ? ಅದೇ 2 ಡಿಗ್ರಿ ಇಳಿಜಾರಿನ ಗದ್ದೆ ಬಯಲಲ್ಲಿ ಎರಡು ಗೆರೆಗಳ ಅಂತರ 3 ಮಿಲಿಮೀಟರಿನ ಹತ್ತಿರ ಬರುತ್ತದೆ. ಬರೀ ದಪ್ಪ ಕಡಿಮೆ ಮಾಡಿದರೆ ಎರಡೂ ಕಡೆ ನ್ಯಾಯ ಸಿಗುವುದಿಲ್ಲ.

100 ಮೀಟರಿನದೊಂದೇ ಸಾಲದು ಅನ್ನುವ ನಿಮ್ಮ ಮಾತೂ ಸರಿ. ತೀರ್ಥಹಳ್ಳಿ ಪೇಟೆ ಸುಮಾರು 590 ಮೀಟರ್ ಎತ್ತರದಲ್ಲಿದೆ, ಶಿವಮೊಗ್ಗ ಸುಮಾರು 570. ತುಂಗೆಯ ಬಯಲು ಅಷ್ಟು ದೂರ ಹರಿದರೂ 500 ಮತ್ತು 600ರ ನಡುವೆಯೇ ಉಳಿಯುತ್ತದೆ. ಆಗುಂಬೆಯಾದರೋ 640ರಿಂದ ಕೆಲವೇ ಕಿಲೋಮೀಟರಿನಲ್ಲಿ ಐನೂರು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಎರಡು ಬೇರೆ ನೆಲಗಳು ಒಂದೇ ಹಾಳೆಯಲ್ಲಿವೆ.

ಇದಕ್ಕೆ ಕೆಲವರು ಲೆವೆಲ್ಸ್ ಪಟ್ಟಿಯನ್ನೇ ಏರುಪೇರು ಮಾಡುತ್ತಾರೆ: 500ರವರೆಗೆ ನೂರಕ್ಕೊಂದು, ಆಮೇಲೆ ಇಪ್ಪತ್ತಕ್ಕೊಂದು. ದಯವಿಟ್ಟು ಹಾಗೆ ಮಾಡಬೇಡಿ. ಗೆರೆ ಒತ್ತಾಗಿದ್ದರೆ ಕಡಿದು, ವಿರಳವಾಗಿದ್ದರೆ ಸಪಾಟು ಅಂತಲೇ ಜನ ಓದುವುದು. ಅಂತರ ನಡುವೆ ಬದಲಾದರೆ 500ರ ಮೇಲಿನ ಪ್ರತಿ ಗುಡ್ಡವೂ ಇದ್ದುದಕ್ಕಿಂತ ಐದು ಪಟ್ಟು ಕಡಿದಾಗಿ ಕಾಣುತ್ತದೆ. ಊರಿನವರ ಮುಂದಿಡುವ ನಕ್ಷೆಯಲ್ಲಿ ಇದು ಸಲ್ಲದು.

ಕಾಂಟೂರ್ ಫಂಕ್ಷನ್ನನ್ನು ಎರಡು ಸಲ ಕರೆಯಿರಿ. ಮೊದಲ ಸಲ 100 ಮೀಟರಿನ ಗೆರೆ, ಇಡೀ ಹಾಳೆಗೆ, 0.8 ಪಾಯಿಂಟ್ ದಪ್ಪ. ಎರಡನೆಯ ಸಲ 20 ಮೀಟರಿನ ಗೆರೆ, 0.3 ಪಾಯಿಂಟ್, ತಿಳಿ ಕಂದು ಬಣ್ಣ. ಆದರೆ ಅದಕ್ಕೆ ಕೊಡುವ ಅರೇಯಲ್ಲಿ 12 ಡಿಗ್ರಿಗಿಂತ ಕಡಿದಾದ ಜಾಗಕ್ಕೆಲ್ಲ ನ್ಯಾನ್ ಹಾಕಿರಬೇಕು. ಇಳಿಜಾರು ಸಿಗುವುದು ನಂಪೈಯ ಗ್ರೇಡಿಯಂಟ್ ಫಂಕ್ಷನ್ನಿನಿಂದ. ಚೌಕದ ಅಳತೆ 30 ಮೀಟರ್ ಅಂತ ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಗದ್ದೆಯೂ ಬಂಡೆಯಂತೆ ಕಡಿದು ಅಂತ ಲೆಕ್ಕ ಬರುತ್ತದೆ. "ಕಡಿದಾದ ಕಡೆ ನಡುವಿನ ಗೆರೆಗಳನ್ನು ಬಿಡಲಾಗಿದೆ" ಎಂದು ಸೂಚಿಯಲ್ಲಿ ಒಂದು ಸಾಲು ಬರೆಯಿರಿ.

ಅಂಕಿಗಳನ್ನು ದಪ್ಪ ಗೆರೆಗೆ ಮಾತ್ರ ಹಾಕಿ. ಅಂಕಿ ಬರೆಯುವ ಫಂಕ್ಷನ್ ಆದ ಸಿ‌ಲೇಬಲ್‌ಗೆ ಮೊದಲ ಕರೆಯಿಂದ ಬಂದದ್ದನ್ನಷ್ಟೇ ಕೊಟ್ಟರಾಯಿತು. ಇನ್‌ಲೈನ್ (ಅಂಕಿಯ ಜಾಗದಲ್ಲಿ ಗೆರೆ ಕತ್ತರಿಸುವುದು) ಆನ್ ಇರಲಿ, ದಶಾಂಶ ಬೇಡ. ಹಾಳೆಯ ಅಳತೆ, ಅಂಚುಗಳ ಮಿತಿ ಎಲ್ಲ ನಿಗದಿಯಾದ ಮೇಲೆಯೇ ಸಿ‌ಲೇಬಲ್ ಕರೆಯಿರಿ. ಅಂಕಿಗಾಗಿ ಗೆರೆಯನ್ನು ಎಷ್ಟು ಕತ್ತರಿಸಬೇಕು ಅಂತ ಅದು ಆ ಕ್ಷಣದ ಅಳತೆ ನೋಡಿ ತೀರ್ಮಾನಿಸುತ್ತದೆ; ಆಮೇಲೆ ಹಿಗ್ಗಿಸಿದರೆ ತೆರಪು ಒಂದಳತೆ, ಅಂಕಿ ಒಂದಳತೆ. ಇಷ್ಟಾದರೂ ಒಪ್ಪವಾಗದಿದ್ದರೆ ಮ್ಯಾನುಯಲ್ ಆನ್ ಮಾಡಿ, ಬೇಕಾದಲ್ಲಿ ಮೌಸ್ ಒತ್ತಿ.

ಮುರುಕು ಗೆರೆಗೆ, ಅಕ್ಕಪಕ್ಕದ ಎತ್ತರಗಳ ಸರಾಸರಿ ತೆಗೆದು ನಯ ಮಾಡುವ, ಸೈಪೈ ಲೈಬ್ರರಿಯ ಗಾಸಿಯನ್ ಫಿಲ್ಟರ್ ಇದೆ. ಎಷ್ಟು ನಯ ಅಂತ ಹೇಳುವ ಸಿಗ್ಮಾ 1ರಿಂದ 1.5 ಸಾಕು. ಹೆಚ್ಚಿಸಿದಷ್ಟೂ ನಕ್ಷೆ ಚೆಂದ ಕಾಣುತ್ತದೆ, ಗುಡ್ಡದ ತಲೆ ಸವೆಯುತ್ತದೆ, ಹಳ್ಳ ತುಂಬಿಕೊಳ್ಳುತ್ತದೆ. ಫಿಲ್ಟರಿಗೆ ಮೊದಲು ಮತ್ತು ನಂತರ ಕುಂದಾದ್ರಿಯ ತುದಿಯ ಎತ್ತರ ಹೋಲಿಸಿ ನೋಡಿ, ಎಷ್ಟು ಕಳೆದುಕೊಂಡಿರಿ ಅಂತ ಗೊತ್ತಾಗುತ್ತದೆ. ನಯ ಮಾಡಿದ ಮೇಲೆ ನ್ಯಾನ್ ಹಾಕಿ, ಮೊದಲೇ ಹಾಕಬೇಡಿ. ಗಾಸಿಯನ್‌ಗೆ ಒಂದು ನ್ಯಾನ್ ಸಿಕ್ಕರೆ ಸುತ್ತಲಿನ ಚೌಕಗಳೆಲ್ಲ ನ್ಯಾನ್ ಆಗುತ್ತವೆ.

5 ಮೀಟರಿನ ಗೆರೆ ಬೇಡ. ಇದು ನಾನು ಒತ್ತಿ ಹೇಳುವ ಮಾತು. ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯಿಂದ ಅಳೆದದ್ದು. ಎತ್ತರದಲ್ಲಿ 16 ಮೀಟರಿನೊಳಗಿನ ತಪ್ಪು, ಅದೂ ನೂರಕ್ಕೆ ತೊಂಬತ್ತು ಕಡೆ, ಎಂಬುದು ಆ ಯೋಜನೆ ತಾನೇ ಹಾಕಿಕೊಂಡಿದ್ದ ಗುರಿ. ಅದಕ್ಕಿಂತ ಮುಖ್ಯವಾದದ್ದು ನಮ್ಮ ಕಾಡು. ಆ ರೇಡಾರಿನ ಅಲೆ 5.6 ಸೆಂಟಿಮೀಟರ್, ದಟ್ಟ ಕಾಡಿನಲ್ಲಿ ಅದು ನೆಲ ಮುಟ್ಟುವುದಿಲ್ಲ, ಎಲೆ ರೆಂಬೆಗಳ ನಡುವಿನಿಂದಲೇ ಮರಳುತ್ತದೆ. ಗದ್ದೆಯ ಪಕ್ಕ ಕಾಡು ಶುರುವಾಗುವಲ್ಲಿ ನೆಲ ಸಮವಾಗಿದ್ದರೂ ದತ್ತಾಂಶದಲ್ಲಿ ದಿಬ್ಬ ಎದ್ದಿರುತ್ತದೆ. ಎತ್ತರದ ಅಡಿಕೆ ತೋಟದ ಅಂಚಿನಲ್ಲೂ ಅದೇ ಭಯ. ನಿಮಗೆ ಕಾಣುತ್ತಿರುವ ಉಂಗುರಗಳಲ್ಲಿ ಎಷ್ಟೋ ಮರಗಳ ಗುಂಪು. ಅವನ್ನು ನಯ ಮಾಡಿದರೆ ಸುಳ್ಳು ನಯವಾಗುತ್ತದೆ, ನಿಜವಾಗುವುದಿಲ್ಲ. ಆ ಗೆರೆ ನಂಬಿ ಕಾಲುವೆ ತೋಡಿದರೆ ನೀರು ಬೇರೆಯವರ ತೋಟಕ್ಕೆ ಹೋದೀತು. ಕೆರೆಯ ನಕ್ಷೆಗೂ 20 ಮೀಟರೇ ಇರಲಿ. ಯಾವ ಗುಡ್ಡ ಯಾವ ಕಡೆಗೆ ಇಳಿದಿದೆ, ನೆತ್ತಿಯ ಗೆರೆ ಎಲ್ಲಿ ಹಾದಿದೆ ಎಂಬುದು ಅದರಲ್ಲಿ ಕಾಣುತ್ತದೆ.

ಸೊಪ್ಪಿನಬೆಟ್ಟ ಬರೆದದ್ದು:

ಮೇಲಿನವರು ಹೇಳಿದ ಕಾಡಿನ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆರೆಯ ಮೇಲ್ಗಡೆ ಇಂಗುಗುಂಡಿ, ಅಡ್ಡಗಾಲುವೆ ತೋಡುವ ಯೋಚನೆ ಇದ್ದರೆ ಸಮಮಟ್ಟದ ಗೆರೆಯನ್ನು ನೆಲದ ಮೇಲೇ ಹಿಡಿಯಬೇಕು. ತೆಳು ಪಾರದರ್ಶಕ ಪೈಪಿಗೆ ನೀರು ತುಂಬಿ, ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಎರಡು ತುದಿಯನ್ನು ಗುರುತು ಹಾಕಿದ ಕೋಲುಗಳಿಗೆ ಕಟ್ಟಿದರೆ ಇಬ್ಬರೇ ಸಾಕು. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ನಿಂತರೆ ಎರಡೂ ಜಾಗ ಸಮಮಟ್ಟ. ಗೂಟ ಹೊಡೆದು ಮುಂದೆ ಹೋಗಿ. ಸೆಂಟಿಮೀಟರಿನ ಲೆಕ್ಕದಲ್ಲಿ ಸರಿಬರುತ್ತದೆ. ನಕ್ಷೆ ಯಾವ ಗುಡ್ಡಕ್ಕೆ ಹೋಗಬೇಕು ಅಂತ ಹೇಳಲಿ, ಗೂಟ ಎಲ್ಲಿ ಅಂತ ಪೈಪು ಹೇಳಲಿ.

ಮಂಡಗದ್ದೆ ಕಡೆಯವರು:

ಎರಡು ಕರೆಯ ಉಪಾಯ ಚೆನ್ನಾಗಿ ಕೂತಿತು. ಘಟ್ಟವೂ ಕಾಣುತ್ತಿದೆ, ನಮ್ಮ ಬಯಲೂ ಕಾಣುತ್ತಿದೆ. 5 ಮೀಟರಿನದನ್ನು ಬಿಟ್ಟೆ. ಪೈಪಿನ ಅಳತೆಗೆ ಊರಿನ ಹುಡುಗರು ಬರುತ್ತೇವೆ ಅಂದಿದ್ದಾರೆ. ಸೊಪ್ಪಿನಬೆಟ್ಟದವರಿಗೂ ಧನ್ಯವಾದ.

ಹೊಸನಗರದಿಂದ ಒಬ್ಬರು:

ಇದೇ ವಿಧಾನದಲ್ಲಿ ನಮ್ಮ ತಾಲೂಕಿನದು ಮಾಡುತ್ತಿದ್ದೇನೆ. ಕೊಡಚಾದ್ರಿ 75 ಡಿಗ್ರಿಯ ಪಶ್ಚಿಮಕ್ಕೆ ಇರುವುದರಿಂದ ಪಕ್ಕದ ಫೈಲನ್ನೂ ಸೇರಿಸಬೇಕಾಯಿತು. ಸೇರಿಸಿದಲ್ಲಿ ಪ್ರತಿ ಗೆರೆಯೂ ಸಣ್ಣ ಮೆಟ್ಟಿಲು ಹತ್ತಿದಂತೆ ಕಾಣುತ್ತದೆ. ಹಿಗ್ಗಿಸಿದರೆ ಉತ್ತರ ದಕ್ಷಿಣವಾಗಿ ಒಂದು ಸೀಳು ಹಾದುಹೋದ ಹಾಗೆ.

ತುಂಗಾತೀರ:

ಅಕ್ಕಪಕ್ಕದ ಎರಡು ಫೈಲುಗಳಲ್ಲಿ 75 ಡಿಗ್ರಿಯ ಕಂಬ ಎರಡರಲ್ಲೂ ಇರುತ್ತದೆ. 3600 ಇರಬೇಕಾದಲ್ಲಿ 3601 ಇರುವುದು ಅದಕ್ಕೇ. ಸುಮ್ಮನೆ ಜೋಡಿಸಿದರೆ ಆ ಕಂಬ ಎರಡು ಸಲ ಬಂದು ಪ್ರತಿ ಗೆರೆಯೂ ಅಲ್ಲಿ ಒಂದು ಚೌಕದಷ್ಟು ಅಡ್ಡಕ್ಕೆ ಎಳೆದುಕೊಳ್ಳುತ್ತದೆ. ಪಶ್ಚಿಮದ ಫೈಲಿನ ಕೊನೆಯ ಕಂಬ ತೆಗೆದುಹಾಕಿ ಜೋಡಿಸಿ. ಒಟ್ಟು 7201 ಕಂಬ ಬರಬೇಕು. ರೇಖಾಂಶದ ಪಟ್ಟಿಯನ್ನೂ 74ರಿಂದ 76ರವರೆಗೆ ಅಷ್ಟಕ್ಕೇ ಮಾಡಿ. ಗಾಸಿಯನ್ ಫಿಲ್ಟರ್ ಜೋಡಿಸಿದ ಮೇಲೆ ಹಾಕಿ. ಒಂದೊಂದಕ್ಕೆ ಬೇರೆ ಬೇರೆ ಹಾಕಿದರೆ ಅಂಚಿನ ಎತ್ತರ ಎರಡರಲ್ಲಿ ಎರಡು ತರಹ ಆಗಿ ಸೀಳು ಮತ್ತೆ ಕಾಣಿಸುತ್ತದೆ. ಮುಗಿದ ಮೇಲೆ ಕೊಡಚಾದ್ರಿಯ ತುದಿ 1343 ಮೀಟರಿನ ಆಸುಪಾಸು ಬರುತ್ತದೆಯೇ ಅಂತ ನೋಡಿ. 30 ಮೀಟರಿನ ಚೌಕದಲ್ಲಿ ಚೂಪು ತುದಿ ತುಸು ಕಡಿಮೆಯೇ ಕಾಣುವುದು ಸಹಜ, ಆದರೆ ನೂರಿನ್ನೂರು ಮೀಟರ್ ಕಡಿಮೆ ಬಂದರೆ ಸಿಗ್ಮಾ ಹೆಚ್ಚಾಗಿದೆ ಅಂತಲೇ ಅರ್ಥ.